ಮನೆಯ ಪ್ಲಾನ್ ನೋಡಿದೆ, ಮೊದಲು ಕಾರಿನ ದಾರಿ ಸರಿ ಮಾಡೋಣ

ತಮ್ಮಾ, ನಿನ್ನೆ ನೀನು ನಮ್ಮ ಮನೆಯವರ ಗ್ರೂಪಿನಲ್ಲಿ ಹಾಕಿದ ಹೊಸ ಮನೆಯ ಪ್ಲಾನ್ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿನಲ್ಲಿ ಕೇಳು. ಅತ್ತೆ, ಮಾವ, ನೀವೂ ಕೇಳಿ.

ಒಳಗಿನ ಕೋಣೆಗಳೆಲ್ಲ ಚೆನ್ನಾಗಿವೆ. ನನಗೆ ಯೋಚನೆ ಆದದ್ದು ಮುಂದಿನ ಭಾಗದ್ದು. ಕಾರ್ ಪೋರ್ಚು ರಸ್ತೆಗೆ ತಾಗಿದ ಹಾಗೆ ಇದೆ. ಗೇಟು ಹೊರಗೆ ತೆರೆಯುತ್ತದೆ. ಚರಂಡಿಯ ಮೇಲೆ ಉದ್ದಕ್ಕೂ ಕಾಂಕ್ರೀಟು ಹಾಕುವ ಹಾಗಿದೆ. ಪ್ಲಾನಿನ ಕೆಳಗೆ ಮಾವ ಬರೆದಿದ್ದಾರೆ, ಒಂದು ಕಾರು ತಾನೆ, ರಸ್ತೆ ಬದಿಯಲ್ಲಿ ನಿಲ್ಲಿಸಿದರಾಯ್ತು ಅಂತ. ಮಾವಾ, ಬೇಜಾರು ಮಾಡಬೇಡಿ, ಅದು ಬೇಡ. ಅದು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ರಸ್ತೆ. ಚೆರ್ಕಳದಿಂದ ಕಲ್ಲಡ್ಕಕ್ಕೆ ಹೋಗುವ ಬಸ್ಸು, ಲಾರಿ ಎಲ್ಲ ಅದರಲ್ಲೇ ಬರುವುದು. ನಮ್ಮ ಜಾಗದ ಹತ್ತಿರ ತಿರುವು ಬೇರೆ ಇದೆ. ಅಲ್ಲಿ ಕಾರು ನಿಲ್ಲಿಸಿದರೆ ಶಾಲೆಗೆ ಹೋಗುವ ಮಕ್ಕಳು ಡಾಂಬರಿಗೇ ಇಳಿದು ನಡೆಯಬೇಕು.

ಕಾನೂನಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಕೇರಳ ಪಂಚಾಯತ್ ರಾಜ್ ಕಾಯ್ದೆ, 1994ರದ್ದು. ಅದರ 220ನೇ ಸೆಕ್ಷನ್ ಪ್ರಕಾರ ಹೈವೇ, ಜಿಲ್ಲಾ ರಸ್ತೆ, ಪಂಚಾಯತು ನೋಟಿಫೈ ಮಾಡಿದ ರಸ್ತೆ, ಇವುಗಳ ಗಡಿಯಿಂದ 3 ಮೀಟರ್ ಒಳಗೆ ಮನೆ ಕಟ್ಟುವ ಹಾಗಿಲ್ಲ. ಕಾಂಪೌಂಡು ಗೋಡೆ ಬೇರೆ ವಿಷಯ. ಆದರೆ ಮಾಡು ಇರುವ ಪೋರ್ಚು ಕಟ್ಟಡವೇ. ಗಡಿ ಅಂದರೆ ಡಾಂಬರಿನ ಅಂಚಲ್ಲ, ರಸ್ತೆಗೆ ಸೇರಿದ ಜಾಗದ ಅಂಚು, ಚರಂಡಿಯೂ ಸೇರಿ. ನಿನ್ನ ಪ್ಲಾನಿನಲ್ಲಿ ಅಳತೆ ಶುರುವಾದದ್ದೇ ಡಾಂಬರಿನಿಂದ. ಸರ್ವೆ ಸ್ಕೆಚ್ ಇಟ್ಟು ಅಳೆದರೆ ಪೋರ್ಚು ಪೂರ್ತಿ ಆ 3 ಮೀಟರಿನೊಳಗೆ ಬರುತ್ತದೆ.

ಸರಿ, ಪೋರ್ಚು ತೆಗೆದು ಅಲ್ಲೇ ಬಯಲಲ್ಲಿ ಕಾರು ನಿಲ್ಲಿಸೋಣ ಅಂತ ನೀನು ಹೇಳಬಹುದು. ಲೆಕ್ಕ ಹಾಕು. ಸಣ್ಣ ಕಾರೂ ಹತ್ತಿರ ಹತ್ತಿರ 4 ಮೀಟರ್ ಉದ್ದ ಇರುತ್ತದೆ. 3 ಮೀಟರಿನಲ್ಲಿ ನೇರ ನಿಲ್ಲಿಸಿದರೆ ಹಿಂಭಾಗ ಹೊರಗೇ. ಒಂದು ಕಾರಿಗೆ ಐದೂವರೆ ಮೀಟರ್ ಉದ್ದ, 2.7 ಮೀಟರ್ ಅಗಲ ಇಟ್ಟುಕೊಂಡರೆ ಬಾಗಿಲು ತೆರೆದು ಅಜ್ಜಿಯನ್ನು ಆರಾಮಾಗಿ ಇಳಿಸಬಹುದು. ಬೈಕಿಗೆ, ನೆಂಟರ ಕಾರಿಗೆ ಬೇರೆ ಜಾಗ ಬೇಕು. ಮುಂದೆ ಬಾಡಿಗೆಗೆ ಎರಡು ಅಂಗಡಿ ಕೋಣೆ ಕಟ್ಟುವ ಆಸೆ ಇದೆ ಅಂದಿದ್ದೆ ಅಲ್ವಾ? ಅಂಗಡಿಯ ಪಾರ್ಕಿಂಗ್ ಲೆಕ್ಕವೇ ಬೇರೆ, ಅದನ್ನು ನೆಲದ ವಿಸ್ತೀರ್ಣದ ಮೇಲೆ ಹಾಕುತ್ತಾರೆ. ಈಗಲೇ ಜಾಗ ಬಿಡದಿದ್ದರೆ ಆಮೇಲೆ ಸಿಗುವುದಿಲ್ಲ.

ಇನ್ನು ಎತ್ತರ. ನನಗೆ ಇದೇ ದೊಡ್ಡ ವಿಷಯ. ನಿನ್ನ ಜಾಗ ರಸ್ತೆಯಿಂದ ಸುಮಾರು 5 ಅಡಿ ಮೇಲಿದೆ. ನಾನು ದಿನಾ ಇಂಥ ಪ್ಲಾನ್ ಬಿಡಿಸುವವಳು. 8 ಅಡಿ ಉದ್ದಕ್ಕೆ 1 ಅಡಿ ಏರಿಗಿಂತ ಕಡಿದಾಗಿ ಮಾಡಲು ನಾನು ಒಪ್ಪುವುದಿಲ್ಲ. ಜೂನಿನಲ್ಲಿ ಹಾವಸೆ ಹಿಡಿದ ಮೇಲೆ ಅಂಥ ಕಡಿದಾದ ಇಳಿಜಾರಿನಲ್ಲಿ ಬ್ರೇಕು ಹಿಡಿದರೂ ಕಾರು ಜಾರುತ್ತದೆ, ಜಾರಿದರೆ ನೇರ ರಸ್ತೆಗೆ. ಅಂದರೆ ಏರಿಗೇ 40 ಅಡಿ ಬೇಕು. ಗೇಟಿನ ಒಳಗೆ ಒಂದು ಕಾರು ನಿಲ್ಲುವಷ್ಟು, ಅಂದರೆ 18 ಅಡಿ, ಸಮತಟ್ಟು ಬೇಕು. ಅಲ್ಲಿ ನಿಂತು ಎರಡೂ ಕಡೆ ನೋಡಿಯೇ ರಸ್ತೆಗೆ ಇಳಿಯಬೇಕು. ಒಟ್ಟು 58 ಅಡಿ. ಮನೆಯ ಎದುರು ಅಷ್ಟು ಸಿಗುವುದಿಲ್ಲ. ಬಡಗು ಬದಿಯಲ್ಲಿ ಮನೆಯ ಪಕ್ಕದಿಂದ ದಾರಿ ತೆಗೆದರೆ ಸಿಗುತ್ತದೆ, ಜಾಗದ ಉದ್ದ 100 ಅಡಿ ಇದೆಯಲ್ಲ. ಪೋರ್ಚು ಹಿಂದೆ ಹೋಗುತ್ತದೆ, ಎದುರಿನ ಅಂದ ಸ್ವಲ್ಪ ಕಡಿಮೆ ಆಗಬಹುದು. ಆಗಲಿ. ಮಳೆಗಾಲದಲ್ಲಿ ಅಡುಗೆ ಕೋಣೆಯ ಬಾಗಿಲಿಗೇ ಸಾಮಾನು ಇಳಿಸಬಹುದು, ಅತ್ತೆಗೆ ಅದೇ ಅನುಕೂಲ.

ಗೇಟು ರಸ್ತೆಯ ಕಡೆಗೆ ತೆರೆಯುವ ಹಾಗೆ ಇಡಬಾರದು, ಅದಕ್ಕೂ ಕಾನೂನಿದೆ. ಸ್ಲೈಡಿಂಗ್ ಗೇಟು ಹಾಕು. ಗೇಟಿನ ಎರಡೂ ಬದಿಯ ಗೋಡೆಯ ಮೂಲೆಗಳನ್ನು ಓರೆಯಾಗಿ ಕತ್ತರಿಸು. ಮುರಕಲ್ಲಿನ ಆಳೆತ್ತರದ ಗೋಡೆ ಗೇಟಿನ ತನಕ ಬಂದರೆ ನಡೆದು ಬರುವವರು ಕಾಣುವುದೇ ಇಲ್ಲ.

ಚರಂಡಿ ನಮ್ಮದಲ್ಲ. ಅದನ್ನು ಮುಟ್ಟುವ ಮೊದಲು ಪಿ.ಡಬ್ಲ್ಯು.ಡಿ.ಯ ಅನುಮತಿ ಬೇಕು. ಗೇಟಿನ ಅಗಲಕ್ಕೆ ಮಾತ್ರ, ಎತ್ತಿ ತೆಗೆಯಲು ಬರುವ ಸ್ಲ್ಯಾಬು ಸಾಕು. ಸಣ್ಣ ಪೈಪು ಇಟ್ಟು ಮುಚ್ಚಿದ ಕಡೆಗಳಲ್ಲಿ ಏನಾಗುತ್ತದೆ ಅಂತ ನಾವೆಲ್ಲ ನೋಡುತ್ತೇವೆ. ಎಲೆ, ಸೋಗೆ ಸಿಕ್ಕಿ ನೀರು ರಸ್ತೆಗೆ ಹತ್ತುತ್ತದೆ, ಅಲ್ಲಿಂದ ಕೆಳಗಿನ ಮನೆಯವರ ಅಂಗಳಕ್ಕೆ. ಅವರು ನಮ್ಮ ನೆರೆಯವರು. ಗೇಟಿನ ಒಳಗೆ ಅಡ್ಡಕ್ಕೆ ಒಂದು ಜಾಲರಿ ಕಾಲುವೆ ಮಾಡಿ ಅಂಗಳದ ನೀರನ್ನು ಇಂಗುಗುಂಡಿಗೆ ಬಿಡು. ಅಂಗಳ ಪೂರ್ತಿ ಇಂಟರ್‌ಲಾಕ್ ಕಲ್ಲು ಬೇಡವೇ ಬೇಡ. ಚಕ್ರ ಹೋಗುವ ಎರಡು ಪಟ್ಟಿ ಸಾಕು, ನಡುವೆ ಹುಲ್ಲು ಇರಲಿ. ಮಳೆಗಾಲದಲ್ಲಿ ಅಷ್ಟು ಸುರಿದರೂ ಮಾರ್ಚ್ ಬಂದಾಗ ಬಾವಿಯ ತಳ ಕಾಣುವ ಊರು ನಮ್ಮದು. ಸೆಪ್ಟಿಕ್ ಪಿಟ್ ಬಾವಿಯಿಂದ ಏಳೂವರೆ ಮೀಟರ್ ದೂರ ಇರಬೇಕು. ಕಾರು ಓಡಾಡುವ ದಾರಿಯಲ್ಲಿ ಅದನ್ನು ಇಡಬೇಡ.

ಕೆಳಗಿನ ಗದ್ದೆಯ ಬದಿಯಿಂದ ಮಣ್ಣು ತುಂಬಿಸಿ ದಾರಿ ಮಾಡೋಣ ಅಂತ ಭಾವ ಹೇಳಿದರಂತೆ. ಅದು 2008ರ ಭತ್ತದ ಗದ್ದೆ ಸಂರಕ್ಷಣಾ ಕಾಯ್ದೆಗೆ ಬರುತ್ತದೆ. ಗದ್ದೆಗಳ ಸರಕಾರಿ ಪಟ್ಟಿಯಾದ ಡಾಟಾ ಬ್ಯಾಂಕಿನಲ್ಲಿ ಆ ಸರ್ವೆ ನಂಬರ್ ಇದೆಯಾ ಅಂತ ಕೃಷಿ ಭವನದಲ್ಲಿ ಕೇಳದೆ ಒಂದು ಬುಟ್ಟಿ ಮಣ್ಣೂ ಹಾಕಬೇಡಿ. ಗುಡ್ಡ ಅಗೆದ ಮಣ್ಣನ್ನು ಹೊರಗೆ ಸಾಗಿಸುವುದಕ್ಕೂ ಪಾಸು ಬೇಕು.

300 ಚದರ ಮೀಟರಿನೊಳಗಿನ ಮನೆಗೆ ಸರಕಾರದ ಆನ್‌ಲೈನ್ ವ್ಯವಸ್ಥೆಯಾದ ಕೆ-ಸ್ಮಾರ್ಟ್‌ನಲ್ಲಿ ಪರ್ಮಿಟ್ ಬೇಗ ಸಿಗುತ್ತದೆ, ಸರಿ. ಆದರೆ ಅದು ನಾವೇ ಸರಿ ಇದೆ ಅಂತ ಬರೆದು ಕೊಡುವುದು. ತಪ್ಪಿದ್ದರೆ ಆಮೇಲೆ ಅನಧಿಕೃತ ಕಟ್ಟಡ ಅಂತ ಯು.ಎ. ನಂಬರು, ಜಾಸ್ತಿ ತೆರಿಗೆ. ಪಂಚಾಯತಿಗೆ ಏನಾದರೂ ಕೇಳುವುದಿದ್ದರೆ ಕನ್ನಡದಲ್ಲೇ ಬರೆದು ಕೊಡು. ಭಾಷಾ ಅಲ್ಪಸಂಖ್ಯಾತರಾದ ನಮಗೆ ಆ ಹಕ್ಕಿದೆ.

ಜೆಸಿಬಿಯವರಿಗೆ ಈ ವಾರ ಬರಬೇಡಿ ಅಂತ ಇವತ್ತೇ ಫೋನ್ ಮಾಡು. ಸರ್ವೆ ಸ್ಕೆಚ್ಚಿನ ಫೋಟೊ, ಚರಂಡಿಯ ಅಗಲ, ರಸ್ತೆಯಿಂದ ಅಂಗಳದ ಎತ್ತರ ಮೂರು ಕಡೆ ಅಳೆದು ಕಳಿಸು. ಬಡಗು ಬದಿಯ ದಾರಿ ನಾನು ಗೆರೆ ಹಾಕಿ ಕೊಡುತ್ತೇನೆ. ಅಲ್ಲಿರುವ ಹಲಸಿನ ಮರ ಎಷ್ಟು ದೂರ ಇದೆ ಅಂತಲೂ ಬರೆ, ಅದನ್ನು ಕಡಿಯದೆ ಆಗುತ್ತದಾ ನೋಡೋಣ.