ಕಿರುಪರೀಕ್ಷೆಯ ದಿನ ಬರುವ ಹೊಟ್ಟೆನೋವು: ಶಾಲೆಯಲ್ಲಿ ಮಾನಸಿಕ ಆರೋಗ್ಯದ ಮಾತನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಪಾಂಡವಪುರ ತಾಲ್ಲೂಕು

ನಮ್ಮದು 82 ಮಕ್ಕಳಿರುವ ಸಣ್ಣ ಪ್ರೌಢಶಾಲೆ. ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ, ಕಳೆದ ವರ್ಷದವರೆಗೆ ಎಲ್ಲರಿಗಿಂತ ಮೊದಲು ಕೈಯೆತ್ತುತ್ತಿದ್ದವಳು, ದೀಪಾವಳಿ ರಜೆ ಮುಗಿದಂದಿನಿಂದ ಕೊನೆಯ ಬೆಂಚಿಗೆ ಸರಿದಿದ್ದಾಳೆ. ಬಿಸಿಯೂಟವನ್ನು ಅರ್ಧಕ್ಕೇ ಬಿಟ್ಟು ತಟ್ಟೆ ತೊಳೆದಿಡುತ್ತಾಳೆ, ಕಿರುಪರೀಕ್ಷೆಯ ದಿನ ಬೆಳಿಗ್ಗೆ ತಪ್ಪದೆ ಹೊಟ್ಟೆನೋವು ಎನ್ನುತ್ತಾಳೆ. (ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.) ಮನೆಯವರು ದೃಷ್ಟಿ ತಗುಲಿದೆಯೆಂದು ತಾಯತ ಕಟ್ಟಿಸಿದ್ದಾರೆ. ಸಹೋದ್ಯೋಗಿಗಳಲ್ಲಿ ಕೆಲವರು ಇದು ಬರೀ ನೆಪ ಎನ್ನುತ್ತಾರೆ. ವಾರಕ್ಕೊಂದು ಅವಧಿಯನ್ನು ಮಾನಸಿಕ ಆರೋಗ್ಯದ ಅರಿವಿಗೆ ಮೀಸಲಿಡೋಣವೆಂದು ಸಭೆಯಲ್ಲಿ ಕೇಳಿದಾಗ, ಫಲಿತಾಂಶ ಕುಸಿದರೆ ಹೊಣೆ ಯಾರು ಎಂದು ಒಬ್ಬರು ಕೇಳಿದರು. ಇಲ್ಲದ ಯೋಚನೆಯನ್ನು ಮಕ್ಕಳ ತಲೆಗೆ ನಾವೇ ತುಂಬಿದಂತಾಗುತ್ತದೆ ಎಂದು ಇನ್ನೊಬ್ಬರು ಆಕ್ಷೇಪಿಸಿದರು. ಎರಡನೆಯದಕ್ಕೆ ಉತ್ತರಿಸಲು ನನಗೂ ಧೈರ್ಯ ಸಾಲಲಿಲ್ಲ. ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ 1: ಆಪ್ತಸಮಾಲೋಚಕಿ, ಮೈಸೂರು

ಮೇಡಂ, ಆ ಎರಡನೆಯ ಆಕ್ಷೇಪದಿಂದಲೇ ಆರಂಭಿಸುತ್ತೇನೆ. ಸಂಕಟದಲ್ಲಿರುವ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬದುಕೇ ಬೇಡ ಎನ್ನಿಸುವುದುಂಟೇ ಎಂದು ಮೃದುವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಈ ಭಯವನ್ನು ತಪ್ಪುಕಲ್ಪನೆ ಎಂದೇ ಹೇಳಿದೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ. 7.3ರಷ್ಟು ಮಂದಿಯಲ್ಲಿ ಮಾನಸಿಕ ತೊಂದರೆ ಕಂಡುಬಂದಿತ್ತು. ಆ ಲೆಕ್ಕದಲ್ಲಿ ನಿಮ್ಮ ಶಾಲೆಯಲ್ಲಿ ಐದಾರು ಮಕ್ಕಳಿರಬಹುದು. ನಿಮ್ಮ ಕಣ್ಣಿಗೆ ಬಿದ್ದಿರುವವಳು ಒಬ್ಬಳು.

ಹೊಟ್ಟೆನೋವು ನೆಪವಲ್ಲ. ಆತಂಕಕ್ಕೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಹಾಗೆಂದು ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದೂ ತಪ್ಪಾದ್ದರಿಂದ, ರಕ್ತಹೀನತೆ, ಥೈರಾಯ್ಡ್ ಮುಂತಾದವುಗಳನ್ನು ಸಾಮಾನ್ಯ ವೈದ್ಯರು ಮೊದಲು ಪರೀಕ್ಷಿಸಲಿ. ಕಾಯಿಲೆಗೆ ಹೆಸರಿಡುವುದು ಶಿಕ್ಷಕರ ಕೆಲಸವಲ್ಲ. ಗಮನಿಸುವುದು, ಕೇಳಿಸಿಕೊಳ್ಳುವುದು, ತಕ್ಕವರ ಬಳಿಗೆ ತಲುಪಿಸುವುದು, ಇಷ್ಟೇ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮಲ್ಲಿ ಯಾವ ಮಂಗಳವಾರವೆಂದು ವಿಚಾರಿಸಿಕೊಳ್ಳಿ. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗವಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಶಿಕ್ಷಕರೂ ಕರೆ ಮಾಡಿ ಸಲಹೆ ಕೇಳಬಹುದು. ಬದುಕು ಬೇಡವೆಂಬ ಮಾತು ಅವಳ ಬಾಯಿಂದ ಬಂದರೆ ಮಾತ್ರ ಮಂಗಳವಾರಕ್ಕೆ ಕಾಯಬೇಡಿ: ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಮನೆಯವರೊಡನೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮುಖ್ಯೋಪಾಧ್ಯಾಯರಿಗೆ ತಿಳಿಸಬಹುದಾದ ಇನ್ನೊಂದು ವಿಷಯವಿದೆ. ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನೀಡಿದ ಮಾರ್ಗಸೂಚಿಗಳ ಪ್ರಕಾರ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಸಮಾಲೋಚಕರನ್ನು ನೇಮಿಸಿಕೊಳ್ಳಬೇಕು; ಅದಕ್ಕಿಂತ ಚಿಕ್ಕವು ಹೊರಗಿನ ತಜ್ಞರೊಡನೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು. ನಿಮ್ಮ ಶಾಲೆ ಎರಡನೆಯ ಗುಂಪಿಗೆ ಸೇರುತ್ತದೆ.

ಉತ್ತರ 2: ಒಬ್ಬ ತಂದೆ, ಮದ್ದೂರು

ಮಗನನ್ನು ಪಿಯುಸಿಗೆಂದು ಹಾಸ್ಟೆಲ್ ಇರುವ ಒಂದು ಕಾಲೇಜಿಗೆ ಸೇರಿಸಿದ್ದೆ. ಅಲ್ಲಿ ತಿಂಗಳಿಗೊಮ್ಮೆ ಅಂಕಗಳ ಮೇಲೆ ವಿಭಾಗ ಬದಲಿಸಿ, ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಿದ್ದರು. ಭಾನುವಾರ ಫೋನ್ ಮಾಡಿದರೆ "ಚೆನ್ನಾಗಿದ್ದೀನಪ್ಪ" ಎನ್ನುತ್ತಿದ್ದ. ನಾನು ಮುಂದೆ ಕೇಳುತ್ತಿದ್ದುದು ಅಂಕಗಳನ್ನು ಮಾತ್ರ. ಕಬ್ಬಿನ ಬಾಕಿ ಹಣ ಬರುವ ಮೊದಲೇ ಸಾಲ ಮಾಡಿ ಶುಲ್ಕ ಕಟ್ಟಿದ್ದೇನೆಂದು ಪ್ರತಿ ವಾರವೂ ನೆನಪಿಸುತ್ತಿದ್ದೆ, ಅದೇ ಪ್ರೋತ್ಸಾಹವೆಂದು ನಂಬಿದ್ದೆ. ನಿದ್ದೆಯಿಲ್ಲದೆ ಸೊರಗಿ ಅವನು ಊರಿಗೆ ಬಂದಾಗ, ಮೊದಲು ಸೋಮಾರಿ ಎಂದು ಬೈದವನೂ ನಾನೇ. ಚಿಕಿತ್ಸೆ ಪಡೆದು ಈಗ ಡಿಪ್ಲೊಮಾ ಓದುತ್ತಿದ್ದಾನೆ.

ಮೇಡಂ, ದಯವಿಟ್ಟು ತಾಯತವನ್ನು ಬಿಚ್ಚಿಸಲು ಹೋಗಬೇಡಿ. ತಾಯತವೂ ಇರಲಿ, ಆಸ್ಪತ್ರೆಗೂ ಒಮ್ಮೆ ಹೋಗಿಬನ್ನಿ ಎಂದರೆ ಮನೆಯವರು ಒಪ್ಪುತ್ತಾರೆ. ನಮ್ಮ ಮನೆಯಲ್ಲಿ ಆದದ್ದೂ ಹಾಗೆಯೇ. ಪೋಷಕರ ಸಭೆಯಲ್ಲಿ ಎಲ್ಲರೆದುರು ಹೇಳದೆ ತಾಯಿಯನ್ನು ಪ್ರತ್ಯೇಕವಾಗಿ ಕರೆಯಿರಿ. ಮನಸ್ಸಿನ ಕಾಯಿಲೆ ಎಂದ ಕೂಡಲೇ ಅವರ ಕಿವಿಗೆ ಬೀಳುವುದು ಹುಚ್ಚು ಎಂಬ ಪದ, ಅದರ ಹಿಂದೆಯೇ ಮಗಳ ಮದುವೆಯ ಚಿಂತೆ. ಊಟ, ನಿದ್ದೆಗಳಿಂದ ಮಾತು ಆರಂಭಿಸಿ.

ಉತ್ತರ 3: ನಿವೃತ್ತ ಮುಖ್ಯೋಪಾಧ್ಯಾಯ, ಮೈಸೂರು

ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ, ಎಂ. ವಿ. ಗೋಪಾಲಸ್ವಾಮಿಯವರಿಂದ. ಅವರೇ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಎಂಬ ರೇಡಿಯೊ ಕೇಂದ್ರವನ್ನೂ ಆರಂಭಿಸಿದರು. ರೇಡಿಯೊ ಮನೆಮನೆ ತಲುಪಿತು, ಮನಃಶಾಸ್ತ್ರ ಪಕ್ಕದ ಜಿಲ್ಲೆಯ ಶಾಲೆಗೂ ಇನ್ನೂ ತಲುಪಿಲ್ಲ. ಇರಲಿ.

ವಾರಕ್ಕೊಂದು ಅವಧಿಯ ವಿಚಾರದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಜನವರಿ ಬಂದರೆ ಆ ಅವಧಿಯನ್ನು ಗಣಿತದವರು ಕೇಳಿ ಪಡೆಯುತ್ತಾರೆ. ಮುಖ್ಯೋಪಾಧ್ಯಾಯನಾಗಿ ನಾನೇ ಹಾಗೆ ಕೊಟ್ಟಿದ್ದೇನೆ. ಅದಕ್ಕಿಂತ ಮೊದಲು ಸರಿಯಾಗಬೇಕಾದದ್ದು ಶಿಕ್ಷಕರ ಕೊಠಡಿ. ಮಗು ನಂಬಿ ಹೇಳಿದ್ದು ಮಧ್ಯಾಹ್ನದ ಚಹಾ ಹೊತ್ತಿಗೆ ಅಲ್ಲಿ ಹರಟೆಯಾದರೆ, ಎಷ್ಟು ಅವಧಿ ಮೀಸಲಿಟ್ಟರೂ ಇನ್ನೊಂದು ಮಗು ಬಾಯಿ ಬಿಡುವುದಿಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಲೂಬಾರದು. ನಿನ್ನ ಸುರಕ್ಷತೆಗೆ ಅಗತ್ಯವಾದವರಿಗೆ ಮಾತ್ರ, ನಿನಗೆ ತಿಳಿಸಿಯೇ ಹೇಳುತ್ತೇನೆ ಎನ್ನಬೇಕು.

ನಾವು ದಡ್ಡನೆಂದು ಕೈಬಿಟ್ಟಿದ್ದ ಒಬ್ಬ ಹುಡುಗನಿಗೆ ಅಕ್ಷರ ಓದುವುದರಲ್ಲೇ ತೊಡಕಿದೆಯೆಂದು ತಿಳಿದದ್ದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷಿಸಿದ ಮೇಲೆ. ಅಲ್ಲಿಯವರೆಗೆ ಅವನು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ, ಅದರಲ್ಲಿ ನನ್ನ ಪಾಲೂ ಇದೆ. ನಿಮ್ಮ ಹುಡುಗಿಗೆ ಇನ್ನೊಂದು ಮಾತು ತಿಳಿಸಿ: 2023–24ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಅವುಗಳಲ್ಲಿ ಬಂದ ಉತ್ತಮ ಅಂಕಗಳನ್ನೇ ಉಳಿಸಿಕೊಳ್ಳಬಹುದು. ನಾವು ಇದನ್ನು ಅನುತ್ತೀರ್ಣರಾದವರಿಗೆ ಮಾತ್ರ ಹೇಳುತ್ತೇವೆ, ಹೆದರಿದವರಿಗೆ ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಅವಧಿಯ ಬೇಡಿಕೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ನಿನ್ನೆ ಬಿಸಿಯೂಟದ ಹೊತ್ತಿನಲ್ಲಿ ಅವಳ ಪಕ್ಕ ಕುಳಿತು ಉಂಡೆ. ಅವಳು ಹೆಚ್ಚೇನೂ ಹೇಳಲಿಲ್ಲ, ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ ಎಂದಷ್ಟೇ ಹೇಳಿದಳು. ಮೇಷ್ಟ್ರು ಹೇಳಿದಂತೆಯೇ ಅವಳಿಗೆ ತಿಳಿಸಿ ತಾಯಿಗೆ ಕರೆ ಮಾಡಿದ್ದೇನೆ. ತಾಯತದ ಮಾತೆತ್ತಲಿಲ್ಲ. ಮಂಗಳವಾರ ಮೂವರೂ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಿದ್ದೇವೆ.