ಪದಚರ್ಚೆ: ‘ಕಂಜೆಸ್ಟೆಡ್ ಜಂಕ್ಷನ್’ ಎಂಬುದಕ್ಕೆ ಫಲಕದಲ್ಲಿ ಏನೆಂದು ಬರೆಯುವುದು?

ಪ್ರಶ್ನೆ (ಅನುವಾದಕಿ, ಬೆಂಗಳೂರು)

ಮಾನ್ಯರೇ,

ಬೆಂಗಳೂರಿನಲ್ಲಿ ವಾಹನಗಳು ಹೊತ್ತುಗೊತ್ತಿಲ್ಲದೆ ಕಟ್ಟಿಕೊಂಡು ನಿಲ್ಲುವ ಕೆಲವು ಜಂಕ್ಷನ್‌ಗಳನ್ನು ಸರಿಪಡಿಸುವ ಕೆಲಸವನ್ನು ಪಾಲಿಕೆಯೊಂದು ಗುತ್ತಿಗೆದಾರರೊಬ್ಬರಿಗೆ ಒಪ್ಪಿಸಿದೆ. ಕೆಲಸ ನಡೆಯುವಲ್ಲಿ ನಿಲ್ಲಿಸಬೇಕಾದ ಫಲಕದ ಕನ್ನಡವನ್ನು ತಿದ್ದಿಕೊಡುವ ಹೊಣೆ ನನ್ನದಾಗಿದ್ದು, ಸೋಮವಾರ ಬೆಳಿಗ್ಗೆ ಅದು ಅಚ್ಚಿಗೆ ಹೋಗುತ್ತದೆ. ನನ್ನ ಕೈಗೆ ಬಂದ ಕರಡಿನ ತಲೆಬರಹ ಹೀಗಿದೆ: ‘ಸಂಚಾರ ದಟ್ಟಣೆ ಜಂಕ್ಷನ್‌ಗಳ ಅಭಿವೃದ್ಧಿಗಾಗಿ ಗುತ್ತಿಗೆದಾರರ ನೇಮಕ’. ದಟ್ಟಣೆಯನ್ನೇ ಅಭಿವೃದ್ಧಿಪಡಿಸಲು ಹಣ ತೆಗೆದಿರಿಸಿದಂತೆ ಇದು ಓದಿಸಿಕೊಳ್ಳುತ್ತದೆ ಎಂದು ಹೇಳಿದಾಗ, ಅದನ್ನು ಸಿದ್ಧಪಡಿಸಿದವರು ನಕ್ಕು, ಹಾಗಾದರೆ ನೀವೇ ಬರೆದುಕೊಡಿ ಎಂದರು.

ಜಂಕ್ಷನ್ ಎಂಬುದಕ್ಕೆ ದಾರಿಹೋಕರಿಗೆ ಒಂದೇ ಓದಿಗೆ ತಿಳಿಯುವ ಕನ್ನಡ ಪದ ಯಾವುದು ಎಂಬುದು ನನ್ನ ಮುಖ್ಯ ಪ್ರಶ್ನೆ. ‘ಚತುಷ್ಪಥ’ವನ್ನು ನಾನಾಗಿಯೇ ಕೈಬಿಟ್ಟಿದ್ದೇನೆ. ಅಮರಕೋಶದಲ್ಲಿ ಅದು ಶೃಂಗಾಟಕದ ಜೊತೆಯಲ್ಲಿ ನಾಲ್ಕು ದಾರಿಗಳು ಸೇರುವ ಜಾಗವನ್ನೇ ಹೇಳುತ್ತದೆಯಾದರೂ, ನಮ್ಮ ಪತ್ರಿಕೆಗಳು ನಾಲ್ಕು ಸಾಲಿನ ಹೆದ್ದಾರಿಯನ್ನು ‘ಚತುಷ್ಪಥ ಹೆದ್ದಾರಿ’ ಎಂದು ಬರೆದೂ ಬರೆದೂ ಆ ಅರ್ಥವನ್ನು ಮುಗಿಸಿಬಿಟ್ಟಿವೆ. ‘ದಟ್ಟಣೆ’ ಸರಿಯೇ, ಗುತ್ತಿಗೆದಾರರನ್ನು ‘ನೇಮಿಸುವುದು’ ಕನ್ನಡದ ಮಾತೇ ಎಂಬುದನ್ನೂ ತಿಳಿದವರು ಹೇಳಬೇಕಾಗಿ ಕೋರುತ್ತೇನೆ.

ಮರುಓಲೆ (ನಿವೃತ್ತ ಕನ್ನಡ ಅಧ್ಯಾಪಕ, ಮೈಸೂರು)

‘ಕೂಡುದಾರಿ’ ಎಂದು ಬರೆಯಿರಿ. ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ‘ಕೂಡುರಸ್ತೆ’ ಎಂದು ಈಗಾಗಲೇ ಬಳಸುವವರಿದ್ದಾರೆ, ಆದರೆ ರಸ್ತೆ ಎಂಬುದು ಪಾರಸಿಯಿಂದ ಬಂದದ್ದು. ಅಚ್ಚಗನ್ನಡದ ಕ್ರಿಯಾಧಾತುವಿಗೆ ಅದನ್ನು ಅಂಟಿಸುವ ಬದಲು ದಾರಿ ಎಂಬ ಪದವನ್ನು ಬಳಸುವುದಕ್ಕೆ ಯಾರ ತಕರಾರೂ ಇರಲಾರದು.

ನೇಮಕದ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿದೆ. ಗುಮಾಸ್ತರನ್ನು, ಅಧ್ಯಾಪಕರನ್ನು ನೇಮಿಸುತ್ತಾರೆ, ಏಕೆಂದರೆ ಅವರು ಒಂದು ಸ್ಥಾನದಲ್ಲಿ ಕೂರುತ್ತಾರೆ. ಗುತ್ತಿಗೆದಾರನಿಗೆ ಸ್ಥಾನವಿಲ್ಲ, ಕೆಲಸವಷ್ಟೇ ಇದೆ. ಆದ್ದರಿಂದ ಕೆಲಸವನ್ನು ಅವನಿಗೆ ವಹಿಸುತ್ತಾರೆ ಅಥವಾ ಗುತ್ತಿಗೆಗೆ ಕೊಡುತ್ತಾರೆ. ಇಂಗ್ಲಿಷಿನ ವಾಕ್ಯವನ್ನು ಎದುರಿಗಿಟ್ಟುಕೊಂಡು ಬರೆಯುವವರಿಗೆ ಈ ವ್ಯತ್ಯಾಸ ಕಾಣಿಸದೆ ಹೋಗುವುದು ಸಹಜ.

ಮರುಓಲೆ (ನಿವೃತ್ತ ಎಂಜಿನಿಯರ್, ಬೆಂಗಳೂರು)

ನೇಮಕದ ಬಗ್ಗೆ ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ. ಕಡತಗಳಲ್ಲಿಯೂ ಗುತ್ತಿಗೆದಾರರಿಗೆ ಕೊಡುವುದು ಕಾರ್ಯಾದೇಶವೇ ಹೊರತು ನೇಮಕಾತಿ ಆದೇಶವಲ್ಲ. ಜಂಕ್ಷನ್‌ಗೆ ಪರ್ಯಾಯ ಹುಡುಕುವ ಈ ಕಸರತ್ತು ಮಾತ್ರ ನನಗೆ ಅನಗತ್ಯವೆನಿಸುತ್ತದೆ. ಸಿಲ್ಕ್ ಬೋರ್ಡ್, ಗೊರಗುಂಟೆಪಾಳ್ಯ, ಟಿನ್ ಫ್ಯಾಕ್ಟರಿಗಳಲ್ಲಿ ಅರ್ಧ ಗಂಟೆ ನಿಂತು ಬೆವರುವವರಲ್ಲಿ ಜಂಕ್ಷನ್ ಎಂದರೆ ತಿಳಿಯದವರು ಒಬ್ಬರನ್ನಾದರೂ ತೋರಿಸಿ.

ಪದವನ್ನು ಬದಲಿಸಲೇಬೇಕೆಂದರೆ ಮೊದಲು ವಸ್ತು ಯಾವುದೆಂದು ನೋಡಬೇಕು. ರಸ್ತೆಗಳು ಒಂದೇ ಮಟ್ಟದಲ್ಲಿ ಸೇರಿ, ಒಂದರ ವಾಹನಗಳು ಇನ್ನೊಂದರ ವಾಹನಗಳಿಗೆ ಅಡ್ಡ ಬರುವುದು ಒಂದು ಬಗೆ. ಹೆಬ್ಬಾಳದಂತೆ ಮೇಲುಸೇತುವೆಗಳ ಮೂಲಕ ಒಂದು ರಸ್ತೆ ಇನ್ನೊಂದರ ಮೇಲೆ ಹಾದುಹೋಗುವುದು ಇನ್ನೊಂದು ಬಗೆ. ಭಾರತೀಯ ರಸ್ತೆ ಕಾಂಗ್ರೆಸ್ 1994ರಲ್ಲಿ ಮೊದಲ ಬಗೆಗೆಂದೇ ವಿನ್ಯಾಸದ ಮಾರ್ಗಸೂಚಿಯನ್ನು ಪ್ರಕಟಿಸಿದಾಗ ಅದರ ಶೀರ್ಷಿಕೆಯಲ್ಲಿ ಬಳಸಿದ್ದು ಜಂಕ್ಷನ್ ಎಂಬ ಪದವನ್ನಲ್ಲ, ಇಂಟರ್‌ಸೆಕ್ಷನ್ ಎಂಬುದನ್ನು. ಅದನ್ನು ಗಣಿತದ ಪುಸ್ತಕದ ಭಾಷೆಯಲ್ಲಿ ‘ರಸ್ತೆ ಛೇದಕ’ ಎಂದು ಮಾಡಿದರೆ, ನೀರಿನ ಕೊಳವೆಗೋ ಕೇಬಲ್ಲಿಗೋ ಪದೇ ಪದೇ ಅಗೆಸಿಕೊಳ್ಳುವ ನಮ್ಮ ರಸ್ತೆಗಳ ಬಗ್ಗೆ ಹೇಳುತ್ತಿದ್ದಾರೆ ಎಂದು ಜನ ಭಾವಿಸಿಯಾರು.

‘ದಟ್ಟಣೆ’ಗೆ ಬರುತ್ತೇನೆ. ಒಂದು ಗಂಟೆಯಲ್ಲಿ ಎಷ್ಟು ವಾಹನಗಳು ಬರುತ್ತವೆ ಎಂಬುದು ಬೇರೆ, ಅವು ಮುಂದೆ ಹೋಗಲಾಗದೆ ನಿಲ್ಲುವುದು ಬೇರೆ. ಅಗಲವಾದ ರಸ್ತೆಯಲ್ಲಿ ವಾಹನಗಳು ದಟ್ಟವಾಗಿದ್ದೂ ಸರಾಗವಾಗಿ ಹರಿಯಬಹುದು. ಕಿರಿದಾದ ಮೂಲೆಯಲ್ಲಿ ಕೆಲವೇ ವಾಹನಗಳಿಗೂ ಇಕ್ಕಟ್ಟಾಗಬಹುದು. ಗುತ್ತಿಗೆದಾರರು ಅಲ್ಲಿ ಮಾಡುವುದಾದರೂ ಏನು? ಎಡಕ್ಕೆ ತಿರುಗುವವರಿಗೆ ಸಿಗ್ನಲ್ ಕಾಯದೆ ಹೋಗುವ ದಾರಿ ಬಿಡಿಸುತ್ತಾರೆ, ತಿರುವಿನಲ್ಲಿರುವ ವಿದ್ಯುತ್ ಕಂಬವನ್ನು ಸರಿಸುತ್ತಾರೆ, ಬಸ್ ನಿಲ್ಲುವ ಜಾಗವನ್ನು ಮೂಲೆಯಿಂದ ದೂರಕ್ಕೆ ಒಯ್ಯುತ್ತಾರೆ, ರಸ್ತೆ ದಾಟುವವರು ಅರ್ಧದಲ್ಲಿ ನಿಲ್ಲಲು ನಡುವೆ ಕಟ್ಟೆ ಕಟ್ಟುತ್ತಾರೆ. ಇವುಗಳಿಂದ ವಾಹನಗಳ ಸಂಖ್ಯೆ ಒಂದೂ ಕಡಿಮೆಯಾಗುವುದಿಲ್ಲ. ಇಕ್ಕಟ್ಟು ಮಾತ್ರ ಸಡಿಲವಾಗುತ್ತದೆ. ಹಾಗಾಗಿ ಕೆಲಸಕ್ಕೆ ‘ಸುಧಾರಣೆ’ ಎಂಬ ಹೆಸರು ಸಾಕು. ‘ಅಭಿವೃದ್ಧಿ’ ಎಂದರೆ ಬೆಳೆಯುವುದು. ಜಂಕ್ಷನ್ ಬೆಳೆಯಬೇಕೆಂದು ಅಲ್ಲಿ ಯಾರೂ ಬಯಸುತ್ತಿಲ್ಲ.

ಮರುಓಲೆ (ಬಂಟ್ವಾಳದಿಂದ)

ಬೆಂಗಳೂರು ಮೈಸೂರಿನವರು ಪದವಿಲ್ಲವೆಂದು ಕೊರಗುವುದನ್ನು ನೋಡಿದರೆ ನಮಗೆ ಆಶ್ಚರ್ಯವಾಗುತ್ತದೆ. ದಾರಿಗಳು ಸೇರುವಲ್ಲಿ ಊರಿನ ಕಡೆಗೆ ಕೈ ತೋರಿಸುವ ಕಂಬವಿದ್ದ ಜಾಗವನ್ನು ನಮ್ಮಲ್ಲಿ ಕೈಕಂಬ ಎಂದು ಕರೆದರು. ಗುರುಪುರ ಕೈಕಂಬ, ಬಿ.ಸಿ. ರೋಡ್ ಕೈಕಂಬಗಳು ಇಂದಿಗೂ ಅದೇ ಹೆಸರಿನಲ್ಲಿವೆ. ಘಟ್ಟ ಹತ್ತಿದರೆ ಚಿಕ್ಕಮಗಳೂರಿನ ಬಳಿ ಅದೇ ಕೈಮರವಾಗುತ್ತದೆ. ಹೆಗ್ಗಡದೇವನಕೋಟೆಯ ಕಡೆ ಇಂಗ್ಲಿಷಿನಲ್ಲಿಯೇ ಹ್ಯಾಂಡ್‌ಪೋಸ್ಟ್ ಎಂದು ಉಳಿದಿದೆ. ಬಿ.ಸಿ. ರೋಡಿಗೇ ಜೋಡುಮಾರ್ಗ ಎಂಬ ಹೆಸರಿದೆ. ಇಷ್ಟೆಲ್ಲ ಇರುವಾಗ ಹೊಸ ಪದವನ್ನು ಏಕೆ ಟಂಕಿಸಬೇಕು?

ಗುತ್ತಿಗೆಯ ಬಗ್ಗೆಯೂ ಒಂದು ಮಾತು. ಆ ಪದಕ್ಕೂ ತುಳುನಾಡಿನ ಗುತ್ತು ಮನೆತನಗಳ ಹೆಸರಿಗೂ ನಂಟಿದೆ ಎಂಬುದು ನಾನು ಬಹುಕಾಲದಿಂದ ಹೇಳುತ್ತ ಬಂದಿರುವ ವಿಷಯ. ಭೂಮಿಯನ್ನು ಗುತ್ತಿಗೆಗೆ ಹಿಡಿದವನು, ಗೇಣಿಗೆ ಹಿಡಿದವನು, ಇವರಿಬ್ಬರ ನಡುವಿನ ಅಂತರದಿಂದ ತೊಡಗಿದರೆ...

ಮರುಓಲೆ (ಮೈಸೂರು)

ಗುತ್ತು ಮನೆಗಳನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಕಿಟೆಲ್ಲರ 1894ರ ನಿಘಂಟನ್ನು ತೆರೆದರೆ ಗುತ್ತ, ಗುತ್ತಿಗೆ ಎರಡೂ ಸಿಗುತ್ತವೆ. ತೆಲುಗಿನಲ್ಲಿ ಗುತ್ತ ಇದೆ, ಮರಾಠಿಯಲ್ಲಿ ಗುತ್ತಾ ಇದೆ. ಇಷ್ಟು ಹರಡಿರುವ ಪದವನ್ನು ಒಂದು ಜಿಲ್ಲೆಯ ಮನೆತನಗಳಿಗೆ ಕಟ್ಟಿಹಾಕುವುದು ಹುಸಿ ನಿರುಕ್ತ. ಇನ್ನು ಕೈಕಂಬ. ಕಂಬವೇ ಇಲ್ಲದ ಕಡೆ ಕೈಕಂಬ ಎಂದು ಬರೆದರೆ ಅದು ಊರಿನ ಹೆಸರಾಗುತ್ತದೆ, ಸಾಮಾನ್ಯನಾಮವಾಗುವುದಿಲ್ಲ.

ಎಂಜಿನಿಯರ್ ಮಹಾಶಯರಿಗೆ: ಜನರಿಗೆ ತಿಳಿಯುತ್ತದೆ ಎಂಬುದೊಂದೇ ಅಳತೆಗೋಲಾದರೆ ನಿಘಂಟುಗಳನ್ನು ಮುಚ್ಚಿ ಮನೆಗೆ ಹೋಗಬಹುದು. ಜಂಕ್ಷನ್ ನಮಗೆ ರೈಲಿನ ಜೊತೆ ಬಂದ ಪದ. ಅರಸೀಕೆರೆಯಲ್ಲಿ, ಯಶವಂತಪುರದಲ್ಲಿ ಅದು ಹಾಯಾಗಿರಲಿ. ರಸ್ತೆಯ ಮೇಲೆ ನನ್ನ ಬಾಲ್ಯದಲ್ಲಿ ಇದ್ದದ್ದು ಸರ್ಕಲ್ಲು, ಕ್ರಾಸು, ಗೇಟು. ಆಗ ಸರ್ಕಲ್ಲನ್ನು ‘ವೃತ್ತ’ ಎಂದು ಪದಕ್ಕೆ ಪದ ಇಟ್ಟು ಅನುವಾದಿಸಿದ್ದರಿಂದಲೇ ಇಂದು ದುಂಡಗಿಲ್ಲದ ಮೇಖ್ರಿ ವೃತ್ತವೂ ಪೊಲೀಸರ ವೃತ್ತ ನಿರೀಕ್ಷಕರೂ ಒಂದೇ ಪದದಡಿ ಸೇರಿದ್ದಾರೆ. ಎರವಲು ತರುವುದಕ್ಕೂ ಒಂದು ಮಿತಿ ಬೇಕು.

ಮರುಓಲೆ (ಎಂಜಿನಿಯರ್)

ಮಿತಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಪಾರಸಿಯ ರಸ್ತೆಯನ್ನು ದೂರವಿಡಲು ಮೇಷ್ಟ್ರು ಬರೆದ ಮೊದಲ ಓಲೆಯಲ್ಲಿ ‘ತಕರಾರು’, ‘ಬದಲು’ ಎಂಬ ಎರಡು ಅರಬಿ ಮೂಲದ ಪದಗಳಿವೆ. ಗುತ್ತಿಗೆ ಕನ್ನಡದ್ದಾದರೂ ಅದರ ಬೆನ್ನಿಗೆ ಅವರು ಬಿಟ್ಟಿರುವ ‘ದಾರ’ ಪಾರಸಿ. ಕಾಮಗಾರಿ ಮರಾಠಿಯ ಕಡೆಯಿಂದ ಬಂತು. ಗುತ್ತಿಗೆದಾರರು ಇಡುವ ಠೇವಣಿಯೂ ಅಲ್ಲಿಂದಲೇ ಬಂತು. ಪಾಲಿಕೆಯ ಕೆಲಸವೊಂದನ್ನು ಈ ಪದಗಳಿಲ್ಲದೆ ಕನ್ನಡದಲ್ಲಿ ಬಣ್ಣಿಸಿ ತೋರಿಸಿದರೆ ನಾನೂ ಜಂಕ್ಷನ್ ಬಿಡುತ್ತೇನೆ. ನಾನು ದುಡಿದ ಕಾಲದಲ್ಲಿ ಬಂದ ಒಂದು ರಸ್ತೆ ಯೋಜನೆಯ ಹೆಸರೇ ಟೆಂಡರ್‌ಶ್ಯೂರ್. ಅದರ ‘ಶ್ಯೂರ್’ ಎಂಬ ಭಾಗ ನಗರದ ರಸ್ತೆ ಕಾಮಗಾರಿಯ ನಿರ್ದಿಷ್ಟತೆಗಳು ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದದ್ದು. ಅದನ್ನು ಕನ್ನಡಿಸಲು ಕೂತಿದ್ದರೆ ರೆಸಿಡೆನ್ಸಿ ರಸ್ತೆಯ ಕಾಲುದಾರಿ ಇನ್ನೂ ಕಾಗದದ ಮೇಲೇ ಇರುತ್ತಿತ್ತು.

ಮರುಓಲೆ (ಮೈಸೂರು)

ತಕರಾರು, ಬದಲುಗಳು ಕನ್ನಡದಲ್ಲಿ ಮನೆ ಮಾಡಿಕೊಂಡು ತಲೆಮಾರುಗಳೇ ಕಳೆದಿವೆ. ಜಂಕ್ಷನ್ ಇನ್ನೂ ಜಗುಲಿಯ ಮೇಲಿದೆ. ಈ ವಾದವನ್ನು ನಾನು ಮುಂದುವರಿಸುವುದಿಲ್ಲ.

ಮರುಓಲೆ (ಶಬ್ದಕೋಶದ ಕೆಲಸದಲ್ಲಿರುವವರು, ಧಾರವಾಡ)

ರಸ್ತೆಗೂ ಅದೇ ನ್ಯಾಯ ಸಲ್ಲಬೇಕಲ್ಲವೇ? ಅದೂ ತಲೆಮಾರುಗಳಿಂದ ಒಳಮನೆಯಲ್ಲಿಯೇ ಇದೆ. ದಾರಿಗೂ ರಸ್ತೆಗೂ ಇಂದು ಅರ್ಥ ಬೇರೆಯಾಗಿದೆ: ಹೊಲಕ್ಕೆ ಹೋಗುವುದು ದಾರಿ, ಡಾಂಬರು ಹಾಕಿದ್ದು ರಸ್ತೆ. ಆದ್ದರಿಂದ ‘ಕೂಡುರಸ್ತೆ’ಯೇ ಮೇಲು. ಮೂರು ಕೂಡುರಸ್ತೆ, ನಾಲ್ಕು ಕೂಡುರಸ್ತೆ ಎಂದು ಜನ ಆಗಲೇ ಹೇಳುತ್ತಾರೆ.

ಇದಕ್ಕೆ ಬರಬಹುದಾದ ಆಕ್ಷೇಪ ಒಂದೇ. ಕೂಡುವ ರಸ್ತೆ ಕೂಡುರಸ್ತೆ ಎಂದು ಬಿಡಿಸಿದರೆ ಅದು ರಸ್ತೆಯ ಹೆಸರಾಗುತ್ತದೆ, ರಸ್ತೆಗಳು ಸೇರುವ ಜಾಗದ ಹೆಸರಾಗುವುದಿಲ್ಲ ಎನ್ನುವುದು. ಸುಡುಗಾಡನ್ನು ನೆನೆಯಿರಿ. ಸುಡುವ ಕಾಡು ಎಂದು ಶಾಲೆಯಲ್ಲಿ ವಿಗ್ರಹವಾಕ್ಯ ಬರೆಸುತ್ತಾರೆ, ಆದರೆ ಅಲ್ಲಿ ಕಾಡೇನೂ ಹೆಣ ಸುಡುವುದಿಲ್ಲ. ಸುಡುವ ಕೆಲಸ ಅಲ್ಲಿ ನಡೆಯುತ್ತದೆ. ಗಮಕಸಮಾಸ ಇಷ್ಟು ಸಡಿಲವನ್ನು ತಾಳಿಕೊಳ್ಳುತ್ತದೆ. ‘ತಂಗುದಾಣ’ದ ಮಾದರಿಯಲ್ಲಿ ‘ಕೂಡುದಾಣ’ ಎಂದು ಕಟ್ಟಿದರೆ ಜಾಗದ ಅರ್ಥ ನೇರವಾಗಿಯೇ ಬರುತ್ತದೆ, ಆದರೆ ಅದು ಹರಟೆಗೆ ಕೂಡುವ ಕಟ್ಟೆಯಂತೆ ಕೇಳಿಸುತ್ತದೆ.

ನೆರೆಯ ಭಾಷೆಗಳನ್ನು ನೋಡಿದರೆ ಸ್ವಾರಸ್ಯವಾಗಿದೆ. ತೆಲುಗು ಪತ್ರಿಕೆಗಳು ಜಂಕ್ಷನ್ನನ್ನು ‘ಕೂಡಲಿ’ ಎನ್ನುತ್ತವೆ, ಮಲಯಾಳಿಗಳು ‘ಕವಲ’ ಎನ್ನುತ್ತಾರೆ. ಜಾಗ ಒಂದೇ, ದಾರಿಗಳು ಸೇರುವುದನ್ನು ಒಬ್ಬರು ನೋಡಿದರು, ಅಗಲುವುದನ್ನು ಇನ್ನೊಬ್ಬರು ನೋಡಿದರು. ನಮ್ಮಲ್ಲಿ ಎರಡು ಧಾತುಗಳೂ ಇವೆ. ಆದರೆ ಕೂಡಲಿ ಎಂದರೆ ತುಂಗೆ ಭದ್ರೆಯರು, ಕೂಡಲ ಎಂದರೆ ಕೃಷ್ಣೆ ಮಲಪ್ರಭೆಯರು ಕಣ್ಣಿಗೆ ಬರುತ್ತಾರೆ. ಕವಲು ಎಂದರೆ ಒಂದು ಎರಡಾಗುವುದು ಮಾತ್ರ. ‘ಚೌಕ’ವನ್ನು ಯಾರೂ ಎತ್ತಲಿಲ್ಲ. ಕೆಂಪೇಗೌಡರು ಬೆಂಗಳೂರಿನ ಪೇಟೆಗೆ ನೇಗಿಲ ಗೆರೆ ಹಾಕಿಸಿದ್ದೇ ದೊಡ್ಡಪೇಟೆ ಚಿಕ್ಕಪೇಟೆಗಳು ಸೇರುವ ಚೌಕದಿಂದ ಎಂಬ ಐತಿಹ್ಯವಿದೆ. ಆದರೂ ಮೂರು ಅಥವಾ ಐದು ರಸ್ತೆ ಸೇರುವಲ್ಲಿ ಆ ಪದ ಹೊಂದದು.

ಮರುಓಲೆ (ಬಂಟ್ವಾಳ)

ಗುತ್ತಿನ ಬಗ್ಗೆ ಪ್ರತ್ಯೇಕವಾಗಿ ಬರೆಯುತ್ತೇನೆ. ಅಂಗಡಿಯ ಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನನ್ನು ತಿದ್ದಿದ ರಾಜ್ಯದಲ್ಲಿ ಉಳಿದ ಫಲಕಗಳ ಕನ್ನಡವನ್ನು ಅಳೆಯುವವರು ಯಾರು ಎಂಬುದನ್ನೂ ಕೇಳಬೇಕಾಗಿದೆ.

ಮರುಓಲೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಕೃತಜ್ಞತೆಗಳು. ‘ಇಕ್ಕಟ್ಟಿನ ಕೂಡುರಸ್ತೆಗಳ ಸುಧಾರಣೆ ಕಾಮಗಾರಿ’ ಎಂದು ತಲೆಬರಹವನ್ನು ಬದಲಿಸಿದ್ದೇನೆ. ಇಕ್ಕಟ್ಟು ಎಂದರೆ ಜಾಗವನ್ನು ಹಳಿದಂತಾಗುತ್ತದೆ, ದಟ್ಟಣೆಯೇ ಇರಲಿ ಎಂದು ಕಚೇರಿಯವರು ಹೇಳಬಹುದು. ಹಾಗಾದರೆ ‘ದಟ್ಟಣೆಯಿರುವ’ ಎಂದು ಬರೆಯುವೆನೇ ವಿನಾ ಬರಿಯ ‘ದಟ್ಟಣೆ’ಯನ್ನು ಬಿಡುವುದಿಲ್ಲ. ನೇಮಕವನ್ನು ತೆಗೆದು, ‘ಕಾಮಗಾರಿ ವಹಿಸಿಕೊಂಡವರು’ ಎಂಬ ಸಾಲಿನ ಮುಂದೆ ಗುತ್ತಿಗೆದಾರರ ಹೆಸರನ್ನು ಹಾಕಿದ್ದೇನೆ. ಅಂದಾಜು ವೆಚ್ಚ, ಮುಗಿಸಬೇಕಾದ ದಿನ, ಮುಗಿದ ಮೇಲೆ ದೋಷ ಕಂಡರೆ ಅವರೇ ಸರಿಪಡಿಸಬೇಕಾದ ಅವಧಿ, ಇವು ಅದರ ಕೆಳಗೆ ಬರುತ್ತವೆ. ಸಿಲ್ಕ್ ಬೋರ್ಡ್ ಜಂಕ್ಷನ್ ಎಂಬಂಥ ಅಂಕಿತನಾಮಗಳನ್ನು ಮುಟ್ಟಿಲ್ಲ. ಮೆಟ್ರೊ ನಿಲ್ದಾಣಕ್ಕೆ ಕೇಂದ್ರ ರೇಷ್ಮೆ ಮಂಡಳಿ ಎಂಬ ಹೆಸರಿದ್ದರೂ ಆಟೊ ಚಾಲಕರು ಅದನ್ನು ಒಪ್ಪಿಕೊಂಡ ದಿನ ನಾನೂ ಒಪ್ಪಿಕೊಳ್ಳುತ್ತೇನೆ.

ಫಲಕದ ಅಗಲ ಸಾಲದೆ, ಅಕ್ಷರ ಜೋಡಿಸುವವರು ‘ಕೂಡು’ ಎಂಬುದನ್ನು ಮೊದಲ ಸಾಲಿನ ಕೊನೆಗೂ ‘ರಸ್ತೆಗಳ’ ಎಂಬುದನ್ನು ಎರಡನೆಯ ಸಾಲಿಗೂ ಇಟ್ಟು ಮಾದರಿ ಕಳುಹಿಸಿದ್ದಾರೆ. ಎರಡನ್ನೂ ಒಂದೇ ಸಾಲಿನಲ್ಲಿ, ನಡುವೆ ತೆರಪಿಲ್ಲದೆ ಹಾಕಬೇಕೆಂದು ಬರೆದು ಹಿಂದಿರುಗಿಸಿದ್ದೇನೆ.