ಸಹಾಯ ಬೇಕು: ಮೊಂತಿ ಹಬ್ಬಕ್ಕೆ ಭತ್ತದ ತೆನೆ

ಎಲ್ರಿಗೂ ನಮಸ್ಕಾರ. ನಮ್ಮದು ಕಾರ್ಕಳ ಕಡೆಯ ಸಣ್ಣ ಹಳ್ಳಿ ಚರ್ಚ್. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ನಮ್ಮ ಕರಾವಳಿ ಕ್ಯಾಥೊಲಿಕರ ತೆನೆ ಹಬ್ಬ) ಹೊಸ ತೆನೆ ಬೇಕು. ಇಲ್ಲಿನ ಗದ್ದೆಗಳೆಲ್ಲ ಅಡಿಕೆ ತೋಟ ಆಗಿಬಿಟ್ಟಿವೆ. ಉಳಿದ ಒಂದೆರಡು ಗದ್ದೆಗಳಲ್ಲೂ ಈ ಸಲ ನಾಟಿ ತಡ, ತೆನೆ ಇನ್ನೂ ಹೊರಟೇ ಇಲ್ಲ.

ಮಕ್ಕಳು ಒಂಬತ್ತು ದಿನ ಮರಿಯಮ್ಮನಿಗೆ ಅರ್ಪಿಸುವ ಹೂವಿಗೆ ತೊಂದರೆ ಇಲ್ಲ, ಬೇಲಿ ತುಂಬಾ ದಾಸವಾಳ ಇದೆ. ತೆನೆಯದ್ದೇ ಚಿಂತೆ. ಫಾದರ್ ಆಶೀರ್ವದಿಸಿದ ತೆನೆ ಪ್ರತಿ ಮನೆಗೂ ಹೋಗಬೇಕು. ಅದರ ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಎಲ್ಲರೂ ಕುಡಿದ ಮೇಲೇ ಹಬ್ಬದೂಟ. ಅವತ್ತು ಬರೀ ತರಕಾರಿ, ಮೀನೂ ಇಲ್ಲ!

ಉಡುಪಿ, ಮೂಡುಬಿದಿರೆ, ಬೆಳ್ತಂಗಡಿ ಕಡೆ ಬೇಗ ನಾಟಿ ಮಾಡಿದವರು ಯಾರಾದ್ರೂ ಇದ್ದರೆ ತಿಳಿಸಿ. ಎರಡು ಕಟ್ಟು ಸಾಕು. ನಾವೇ ಬಂದು ಕೊಯ್ದುಕೊಳ್ಳುತ್ತೇವೆ. ದುಡ್ಡು ಎಷ್ಟಂತ ಹೇಳಿ, ಸಂಕೋಚ ಬೇಡ. 7ರ ಸಂಜೆಯೊಳಗೆ ಸಿಗಬೇಕು, ಅಷ್ಟೇ.